ಮೂವರ ಆಲ್ಬಂ, ಆದರೆ ಮೊದಲು ಕೇಳಬೇಕಾದ್ದು ಇಬ್ಬರನ್ನು

ಪ್ರಶ್ನೆ: ನಾನು ವೀಣೆ ಕಲಿಯುತ್ತಿದ್ದೇನೆ. ಕರ್ನಾಟಕ ಸಂಗೀತ ಬಿಟ್ಟು ಬೇರೆ ಅಷ್ಟಾಗಿ ಕೇಳಿದವಳಲ್ಲ. ಜಾಝ್ ಫ್ಯೂಷನ್ ಅಂದರೆ ಏನು ಅಂತ ಗೊತ್ತಾಗಬೇಕಾದರೆ ಇದನ್ನು ಕೇಳು ಅಂತ ಗೆಳತಿಯೊಬ್ಬಳು ‘ಫ್ರೈಡೇ ನೈಟ್ ಇನ್ ಸ್ಯಾನ್ ಫ್ರಾನ್ಸಿಸ್ಕೊ’ ಆಲ್ಬಂ ಕಳಿಸಿದಳು. ಕೇಳಿದೆ. ಬರೀ ಸ್ಪೀಡು ಅನ್ನಿಸಿತು. ಮೂವರಲ್ಲಿ ಯಾರು ಯಾವಾಗ ನುಡಿಸುತ್ತಾರೆ ಅಂತಲೇ ತಿಳಿಯಲಿಲ್ಲ. ಇದರಲ್ಲಿ ಮೊದಲೇ ಕಟ್ಟಿಕೊಂಡದ್ದು ಎಷ್ಟು, ಅಲ್ಲೇ ಹೊಳೆದು ನುಡಿಸಿದ ಮನೋಧರ್ಮ ಎಷ್ಟು? ನಮ್ಮ ಕಛೇರಿಯಲ್ಲಿ ತಾಳವಾದ್ಯದವರು ತಾವೇ ನುಡಿಸುವ ತನಿ ಆವರ್ತನದ ಹಾಗೆ ಕೇಳಬಹುದಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಗೊಂದಲಕ್ಕೆ ಅರ್ಧ ಕಾರಣ ಆಲ್ಬಂನ ಮುಖಪುಟ. ಅಲ್ಲಿ ಮೂವರ ಹೆಸರಿದೆ: ಸ್ಪೇನಿನ ಪಾಕೋ ದೆ ಲೂಸಿಯಾ, ಇಂಗ್ಲೆಂಡಿನ ಜಾನ್ ಮೆಕ್‌ಲಾಫ್ಲಿನ್, ಅಮೆರಿಕದ ಆಲ್ ಡಿ ಮಿಯೋಲಾ. ಹಾಗಾಗಿ ಕೇಳುವವರು ಮೊದಲ ನಿಮಿಷದಿಂದಲೇ ಮೂರು ಗಿಟಾರ್ ಹುಡುಕುತ್ತಾ ಕೂರುತ್ತಾರೆ. ಆದರೆ ಇದರಲ್ಲಿರುವ ಐದು ರಚನೆಗಳಲ್ಲಿ ಮೊದಲ ಮೂರರಲ್ಲಿ ಇರುವುದು ಇಬ್ಬರೇ. ಮೊದಲನೆಯದರಲ್ಲಿ ಪಾಕೋ ಮತ್ತು ಆಲ್. ಎರಡನೆಯದರಲ್ಲಿ ಜಾನ್ ಮತ್ತು ಆಲ್. ಮೂರನೆಯದರಲ್ಲಿ ಪಾಕೋ ಮತ್ತು ಜಾನ್. ಮೂವರೂ ಒಟ್ಟಿಗೆ ಬರುವುದು ನಾಲ್ಕನೆಯದರಲ್ಲಿ ಮತ್ತು ಕೊನೆಯ ಪುಟ್ಟ ರಚನೆಯಲ್ಲಿ. ಎಲ್‌ಪಿ ಕಾಲದ ಲೆಕ್ಕದಲ್ಲಿ ಹೇಳುವುದಾದರೆ, ಇಡೀ ಮೊದಲ ಬದಿಯಲ್ಲಿ ಮೂವರು ಒಮ್ಮೆಯೂ ಜತೆಯಾಗುವುದಿಲ್ಲ.

ಇನ್ನರ್ಧ ಕಾರಣ ನೀವು ಯಾವುದರಲ್ಲಿ ಕೇಳಿದಿರಿ ಅನ್ನುವುದು. ಫೋನಿನ ಸ್ಪೀಕರ್ ಅಥವಾ ಸಣ್ಣ ಬ್ಲೂಟೂತ್ ಡಬ್ಬಿಯಲ್ಲಿ ಕೇಳಿದ್ದರೆ ಎಡಬಲ ಎರಡೂ ಕಲಸಿಹೋಗಿರುತ್ತದೆ. ಈ ಆಲ್ಬಂಗೆ ಅದು ದೊಡ್ಡ ನಷ್ಟ. ಹೆಡ್‌ಫೋನ್ ಹಾಕಿಕೊಳ್ಳಿ. ಎಡ ಬಲ ಸರಿಯಾಗಿದೆಯಾ ನೋಡಿಕೊಳ್ಳಿ. ಪಾಕೋ ಇರುವ ಕಡೆಯೆಲ್ಲ ಅವರು ಎಡಗಿವಿಗೆ. ಆಲ್ ಇರುವ ಕಡೆಯೆಲ್ಲ ಅವರು ಬಲಗಿವಿಗೆ. ಜಾನ್ ಖಾಲಿ ಇರುವ ಜಾಗಕ್ಕೆ ಬರುತ್ತಾರೆ: ಪಾಕೋ ಇಲ್ಲದಿದ್ದಾಗ ಎಡಕ್ಕೆ, ಆಲ್ ಇಲ್ಲದಿದ್ದಾಗ ಬಲಕ್ಕೆ, ಇಬ್ಬರೂ ಇದ್ದಾಗ ನಡುವೆ. ಇಷ್ಟು ನೆನಪಿಟ್ಟುಕೊಂಡರೆ ಯಾರು ಯಾವಾಗ ಅನ್ನುವ ಪ್ರಶ್ನೆ ಮುಗಿಯಿತು. ತುಂಬಿದ ಸಭಾಂಗಣದಲ್ಲಿ ರೆಕಾರ್ಡ್ ಮಾಡಿದ್ದು, ಹಾಗಾಗಿ ಒಬ್ಬರ ಸದ್ದು ಇನ್ನೊಂದು ಕಿವಿಗೆ ಸ್ವಲ್ಪ ಸೋರುತ್ತದೆ. ಆದರೂ ಗೊತ್ತಾಗುತ್ತದೆ.

ಹಿನ್ನೆಲೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕಛೇರಿ ನಡೆದದ್ದು 1980ರ ಡಿಸೆಂಬರ್ 5ರ ಶುಕ್ರವಾರ, ಸ್ಯಾನ್ ಫ್ರಾನ್ಸಿಸ್ಕೊದ ವಾರ್‌ಫೀಲ್ಡ್ ಥಿಯೇಟರ್‌ನಲ್ಲಿ. ಆಲ್ಬಂ ಬಂದದ್ದು 1981ರಲ್ಲಿ. ಅದಕ್ಕೂ ಮೊದಲು, 1979ರಲ್ಲಿ, ಪಾಕೋ ಮತ್ತು ಜಾನ್ ಜತೆ ಮೂರನೆಯವರಾಗಿ ಇದ್ದದ್ದು ಲ್ಯಾರಿ ಕೋರಿಯೆಲ್. ಅವರ ಜಾಗಕ್ಕೆ ಆಲ್ ಬಂದರು. ಆಗ ಜಾನ್‌ಗೆ ಮೂವತ್ತೆಂಟು, ಪಾಕೋಗೆ ಮೂವತ್ತೆರಡು, ಆಲ್‌ಗೆ ಇಪ್ಪತ್ತಾರು. ಜಾನ್ ಮತ್ತು ಆಲ್ ಇಬ್ಬರೂ ಎಪ್ಪತ್ತರ ದಶಕದ ಎಲೆಕ್ಟ್ರಿಕ್ ಫ್ಯೂಷನ್‌ನಲ್ಲಿ, ಅಂದರೆ ಜಾಝ್ ಮತ್ತು ರಾಕ್ ಬೆರೆತ ಸಂಗೀತದಲ್ಲಿ, ಹೆಸರು ಮಾಡಿದವರು. ಜಾನ್ ಜಾಝ್‌ನ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜತೆ ನುಡಿಸಿ, ಆಮೇಲೆ ಮಹಾವಿಷ್ಣು ಆರ್ಕೆಸ್ಟ್ರಾ ಕಟ್ಟಿದರು. ಆಲ್ ಹತ್ತೊಂಬತ್ತನೇ ವಯಸ್ಸಿಗೇ ಪಿಯಾನೋ ವಾದಕ ಚಿಕ್ ಕೊರಿಯಾ ಅವರ ‘ರಿಟರ್ನ್ ಟು ಫಾರೆವರ್’ ತಂಡ ಸೇರಿದರು. ಕಿವಿ ಗುಂಯ್ ಅನ್ನುವಷ್ಟು ಜೋರಾದ ಸಂಗೀತ ಅದು. ಅಂಥವರು ಡ್ರಮ್ಸ್ ಇಲ್ಲದೆ, ಬೇಸ್ ಇಲ್ಲದೆ, ಸುಮ್ನೆ ಕುರ್ಚಿ ಹಾಕಿಕೊಂಡು ಅಕೂಸ್ಟಿಕ್ ಗಿಟಾರ್ ಹಿಡಿದು ಕೂತರು. ಪಾಕೋ ಮಾತ್ರ ಮೊದಲಿನಿಂದಲೂ ಫ್ಲಮೆಂಕೊದವರು, ಅಂದರೆ ದಕ್ಷಿಣ ಸ್ಪೇನಿನ ಹಾಡು, ಕುಣಿತ, ಗಿಟಾರಿನ ಸಂಪ್ರದಾಯದವರು. ಫ್ಯೂಷನ್ ಅನ್ನುವ ಹೆಸರು ಇಲ್ಲಿಗೆ ಒಪ್ಪುವುದು ಈ ಎರಡು ದಾರಿಗಳು ಕೂಡಿದ ಅರ್ಥದಲ್ಲಿ.

ಈಗ ಕೇಳುವ ವಿಷಯಕ್ಕೆ ಬರೋಣ. ನನ್ನ ಸಲಹೆ ಒಂದೇ. ಸೋಲೋ ನುಡಿಸುವವರನ್ನು ಬಿಡಿ. ಜತೆ ಕೊಡುತ್ತಿರುವವರನ್ನು ಕೇಳಿ.

ವಿಚಿತ್ರ ಅನ್ನಿಸಬಹುದು. ಆದರೆ ನಿಮಗೆ ಬರೀ ಸ್ಪೀಡು ಅನ್ನಿಸಿದ್ದು ಯಾಕೆ? ಕಿವಿ ಸ್ವರಗಳ ಹಿಂದೆ ಓಡಿತು. ಆ ಸ್ವರಗಳು ನಿಜಕ್ಕೂ ಸಿಗುವುದಿಲ್ಲ, ಅಷ್ಟು ವೇಗ. ಎರಡು ನಿಮಿಷಕ್ಕೆ ಸುಸ್ತಾಗುತ್ತದೆ. ಇನ್ನೊಂದು ಕಿವಿಯಲ್ಲಿ ನಡೆಯುತ್ತಿರುವುದು ಹಿಡಿತಕ್ಕೆ ಸಿಗುವಂಥದ್ದು. ಮತ್ತು ಅದು ಇಲ್ಲದಿದ್ದರೆ ಆ ವೇಗಕ್ಕೆ ಅರ್ಥವೇ ಇಲ್ಲ. ಮೃದಂಗ ಇಲ್ಲ, ತಂಬೂರಿ ಇಲ್ಲ. ಲಯವೂ ಶ್ರುತಿಯ ಆಧಾರವೂ ಎರಡೂ ಆ ಒಂದೇ ಗಿಟಾರ್ ಮೇಲೆ ನಿಂತಿವೆ.

ಮೊದಲ ರಚನೆ ತೆಗೆದುಕೊಳ್ಳಿ. ಎರಡು ಹಾಡು ಸೇರಿಸಿ ಹೊಲಿದದ್ದು. ‘ಮೆಡಿಟರೇನಿಯನ್ ಸನ್‌ಡ್ಯಾನ್ಸ್’ ಆಲ್ ಅವರದು, ‘ರಿಯೋ ಆಂಚೋ’ ಪಾಕೋ ಅವರದು. ಮೊದಲನೆಯದನ್ನು 1977ರ ‘ಎಲಿಗಂಟ್ ಜಿಪ್ಸಿ’ ಆಲ್ಬಂನಲ್ಲಿ ಇವರಿಬ್ಬರೇ ನುಡಿಸಿದ್ದರು. ಇಲ್ಲಿ ಅದು 11 ನಿಮಿಷ ದಾಟುತ್ತದೆ. ನಡೆ ಫ್ಲಮೆಂಕೊ ರುಂಬಾದ್ದು. ಕೈಯಲ್ಲಿ ಎಂಟು ಎಣಿಸಿಕೊಳ್ಳಿ, ಆದರೆ ನಾಲ್ಕು ನಾಲ್ಕಾಗಿ ಅಲ್ಲ. ರುಂಬಾದಲ್ಲಿ ಸಾಮಾನ್ಯವಾಗಿ ಆ ಎಂಟು ಮೂರು, ಮೂರು, ಎರಡು ಅಂತ ಒಡೆಯುತ್ತದೆ. ಒತ್ತು ಬೀಳುವುದು ಒಂದು, ನಾಲ್ಕು, ಏಳರ ಮೇಲೆ. ತಾಳ ಹಾಕಿ ಅಭ್ಯಾಸ ಇರುವ ನಿಮಗೆ ಇದು ಒಂದೆರಡು ಆವರ್ತಕ್ಕೆ ಕೂತುಬಿಡುತ್ತದೆ.

ಈಗ ಬಲಗಿವಿಯ ಆಲ್ ಸೋಲೋಗೆ ಹೋದಾಗ ನೀವು ಎಡಗಿವಿಯಲ್ಲೇ ಇರಿ. ಪಾಕೋ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹೊಡೆಯುತ್ತಿದ್ದಾರೆ ಅಂತ ಮೇಲುನೋಟಕ್ಕೆ ಅನ್ನಿಸುತ್ತದೆ. ಸ್ವಲ್ಪ ಹತ್ತಿರದಿಂದ ಕೇಳಿ. ಫ್ಲಮೆಂಕೊದವರು ಕಾರ್ಡ್ ಹೊಡೆಯುವಾಗ ಮಡಚಿದ ಬೆರಳುಗಳನ್ನು ಒಂದರ ಹಿಂದೆ ಒಂದು ಚಿಮ್ಮಿಸುತ್ತಾರೆ. ಒಂದು ಹೊಡೆತದ ಜಾಗದಲ್ಲಿ ನಾಲ್ಕು ಹೊಡೆತ ಉರುಳಿಬರುತ್ತವೆ. ನಡುವೆ ಕೈ ತಂತಿಗಳ ಮೇಲೆ ಚಪ್ಪಟೆಯಾಗಿ ಬಿದ್ದು ಸದ್ದನ್ನು ಪಟ್ ಅಂತ ಕತ್ತರಿಸುತ್ತದೆ. ಉಗುರಿನಿಂದ ಗಿಟಾರಿನ ಮರವನ್ನೇ ತಟ್ಟುವುದೂ ಇದೆ. ಅದಕ್ಕೆಂದೇ ಫ್ಲಮೆಂಕೊ ಗಿಟಾರಿನ ಮೇಲ್ಮೈಗೆ ತೆಳ್ಳನೆ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ, ಮರ ಸವೆಯದಿರಲಿ ಅಂತ. ಈ ಸದ್ದು, ಮೌನ, ತಟ್ಟು ಮೂರೂ ಸೇರಿ ಒಂದು ತಾಳವಾದ್ಯದ ಕೆಲಸ ಮಾಡುತ್ತವೆ.

ಇದು ಪಾಕೋಗೆ ಆ ರಾತ್ರಿ ಹೊಳೆದದ್ದಲ್ಲ. ಫ್ಲಮೆಂಕೊ ಗಿಟಾರಿನ ಮೂಲ ಕಸುಬೇ ಪಕ್ಕವಾದ್ಯ. ಹಾಡುವವರಿಗೆ, ಕುಣಿಯುವವರಿಗೆ ಜತೆ ಕೊಡುವುದು. ಪಾಕೋ ಹದಿಹರೆಯದಲ್ಲೇ ಹೊಸೆ ಗ್ರೆಕೊ ಅವರ ನೃತ್ಯತಂಡದ ಜತೆ ಊರೂರು ತಿರುಗಿದವರು. ಆಮೇಲೆ ಕಮರೋನ್ ದೆ ಲಾ ಇಸ್ಲಾ ಎಂಬ ದೊಡ್ಡ ಗಾಯಕನಿಗೆ ವರ್ಷಗಟ್ಟಲೆ ಗಿಟಾರ್ ನುಡಿಸಿದವರು. ಹಾಡುವವನ ಉಸಿರು ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಿರುವ ಕೈ ಅದು. ನನ್ನ ಮಟ್ಟಿಗೆ, ಈ ಆಲ್ಬಂನ ಅತ್ಯುತ್ತಮ ನುಡಿಸಾಣಿಕೆ ಪಾಕೋ ಅವರ ಸೋಲೋಗಳಲ್ಲ, ಆಲ್ ಅವರ ಸೋಲೋ ಅಡಿಯಲ್ಲಿ ಅವರು ನುಡಿಸಿದ್ದು.

ಸರದಿ ಬದಲಾದಾಗ ನೀವೂ ಕಿವಿ ಬದಲಿಸಿ. ಪಾಕೋ ಸೋಲೋ ನುಡಿಸುವಾಗ ಬಲಗಿವಿಗೆ ಬನ್ನಿ. ಆಲ್ ಅವರದು ಓವೇಶನ್ ಗಿಟಾರ್, ಬೆನ್ನು ದುಂಡಗೆ, ಮರದ್ದಲ್ಲ, ಫೈಬರ್‌ನದು. ತಂತಿ ಸ್ಟೀಲಿನದು, ನುಡಿಸುವುದು ಪಿಕ್ (ತಂತಿ ಮೀಟುವ ಪುಟ್ಟ ಚೂರು) ಹಿಡಿದು. ಅವರ ಜತೆಗಾರಿಕೆಯಲ್ಲಿ ಪಾಕೋ ಅವರ ಉರುಳು ಇಲ್ಲ. ಅದು ನೇರ, ಚುರುಕು, ಗಡಿಯಾರದಷ್ಟು ಕರಾರುವಾಕ್ಕು. ಅಂಗೈಯ ಬದಿಯನ್ನು ತಂತಿ ಮೇಲೆ ಒತ್ತಿಟ್ಟು ಸದ್ದನ್ನು ಮುಚ್ಚಿ ಟಿಕಿಟಿಕಿ ಅಂತ ನುಡಿಸುವುದು ಅವರ ಗುರುತು.

ಇಲ್ಲಿ ಒಂದು ಅನುಕೂಲ ಇದೆ, ಬೇಕಂತಲೇ ಮಾಡಿದರೋ ತಾನಾಗೇ ಆಯಿತೋ. ಮೂರು ಜೋಡಿಗಳೂ ಕಿವಿಗೆ ಒಂದೊಂದು ಪಾಠ ಆಗಿಬಿಟ್ಟಿವೆ. ಪಾಕೋ ನುಡಿಸುವುದು ನೈಲಾನ್ ತಂತಿ, ಬರಿ ಬೆರಳು. ಆಲ್ ಸ್ಟೀಲ್ ತಂತಿ, ಪಿಕ್. ಜಾನ್ ನೈಲಾನ್ ತಂತಿ, ಪಿಕ್. ಅಂದರೆ ಮೊದಲ ರಚನೆಯಲ್ಲಿ ತಂತಿಯೂ ಬೇರೆ, ಕೈಯೂ ಬೇರೆ. ತುಂಬಾ ಸುಲಭ. ಎರಡನೆಯದರಲ್ಲಿ ಇಬ್ಬರದೂ ಪಿಕ್, ತಂತಿ ಮಾತ್ರ ಬೇರೆ. ಮೂರನೆಯದರಲ್ಲಿ ಇಬ್ಬರದೂ ನೈಲಾನ್, ಕೈ ಮಾತ್ರ ಬೇರೆ. ಇದೇ ಕಷ್ಟದ್ದು, ಇದೇ ಚೆಂದದ್ದು.

ಎರಡನೆಯ ರಚನೆ ‘ಶಾರ್ಟ್ ಟೇಲ್ಸ್ ಆಫ್ ದ ಬ್ಲ್ಯಾಕ್ ಫಾರೆಸ್ಟ್’ ಚಿಕ್ ಕೊರಿಯಾ ಅವರದು. 1976ರ ಆಲ್ಬಂನಲ್ಲಿ ಆಲ್ ಇದನ್ನು ಕೊರಿಯಾ ಅವರ ಪಿಯಾನೋ ಜತೆ ನುಡಿಸಿದ್ದರು. ಪಿಯಾನೋದ ಜಾಗಕ್ಕೆ ಇಲ್ಲಿ ಜಾನ್. ಇದು ಬಹಳ ಕಟ್ಟುನಿಟ್ಟಾಗಿ ಬರೆದ ರಚನೆ, ಇಬ್ಬರೂ ಒಟ್ಟಿಗೆ ಹತ್ತಿ ಇಳಿಯುವ ಜಾಗಗಳಲ್ಲಿ ಅದು ಗೊತ್ತಾಗುತ್ತದೆ. ಆದರೆ ನಡುವೆ ಇಬ್ಬರೂ ತುಂಟ ಹುಡುಗರಾಗಿಬಿಡುತ್ತಾರೆ. ಬ್ಲೂಸ್ ಕಡೆಗೆ ಹೊರಳುತ್ತಾರೆ, ‘ಪಿಂಕ್ ಪ್ಯಾಂಥರ್’ ಸಿನಿಮಾದ ಆ ಕಳ್ಳಹೆಜ್ಜೆಯ ರಾಗವನ್ನು ಎಳೆದು ತರುತ್ತಾರೆ. ಜನ ನಗುವುದು ಕೇಳಿಸುತ್ತದೆ. ಮೊದಲ ಸಲ ನನಗೂ ನಗು ಬಂತು. ಈಗ ಆ ಭಾಗ ಸ್ವಲ್ಪ ಉದ್ದ ಅನ್ನಿಸುತ್ತದೆ. ತಮಾಷೆ ರೆಕಾರ್ಡ್ ಆದರೆ ಹಾಗೇ ಅಲ್ವಾ, ಹತ್ತನೇ ಸಲ ಕೇಳುವಾಗ ಮೊನಚು ಉಳಿದಿರುವುದಿಲ್ಲ.

ಮೂರನೆಯದು ‘ಫ್ರೇವೋ ರಸ್ಗಾದೊ’. ಬ್ರೆಜಿಲ್‌ನ ಎಗ್ಬೆರ್ಟೊ ಜಿಸ್ಮೊಂಟಿ ಅವರ ರಚನೆ. ಫ್ರೇವೋ ಅನ್ನುವುದು ಬ್ರೆಜಿಲ್‌ನ ರೆಸಿಫೆ ಕಡೆಯ ಕಾರ್ನಿವಲ್ ಕುಣಿತದ ಸಂಗೀತ. ನೀವು ಒಂದನ್ನು ಮಾತ್ರ ಕೇಳುವುದಾದರೆ ಇದನ್ನು ಕೇಳಿ. ವೀಣೆಯವರಿಗಂತೂ ಇದರಲ್ಲಿ ಬೇಕಾದಷ್ಟಿದೆ. ನೀವು ತೋರುಬೆರಳು, ನಡುಬೆರಳಿನಲ್ಲಿ ಮೀಟುತ್ತೀರಿ. ಫ್ಲಮೆಂಕೊದವರು ವೇಗದ ಓಟಕ್ಕೆ ಬಳಸುವುದೂ ಅವೇ ಎರಡು ಬೆರಳು, ಒಂದಾದ ಮೇಲೊಂದು. ಹಾಗಾಗಿ ಎಡಗಿವಿಯ ಪಾಕೋ ಅವರ ಮೀಟಿನಲ್ಲಿ ಪ್ರತಿ ಸ್ವರಕ್ಕೂ ಉಗುರು ಮತ್ತು ಚರ್ಮ ಎರಡರ ಸದ್ದೂ ಇದೆ. ಎರಡು ಬೆರಳಿಗೂ ಒಂದೇ ತೂಕ ಇರುವುದಿಲ್ಲವಲ್ಲ, ಆ ಸಣ್ಣ ಏರುಪೇರು ಕೇಳಿಸುತ್ತದೆ. ಬಲಗಿವಿಯ ಜಾನ್ ಪಿಕ್ ಹಿಡಿದಿದ್ದಾರೆ. ಅವರ ಸ್ವರಗಳಿಗೆ ಸಣ್ಣ ಮೊಳೆ ಹೊಡೆದಂಥ ಆರಂಭ ಇದೆ. ತಂತಿ ಒಂದೇ ಜಾತಿ, ಮಾತು ಬೇರೆ.

ಜಾನ್ ವಿಷಯದಲ್ಲಿ ನಿಮಗೆ ಖುಷಿಯಾಗುವ ಸಂಗತಿ ಒಂದಿದೆ. ಅವರು ಎಪ್ಪತ್ತರ ದಶಕದ ಆರಂಭದಲ್ಲಿ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಎಸ್. ರಾಮನಾಥನ್ ಅವರ ಹತ್ತಿರ ವೀಣೆ ಕಲಿತವರು. ಆಮೇಲೆ ಎಲ್. ಶಂಕರ್ ಪಿಟೀಲು, ಜಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಂ ಘಟ ಸೇರಿಸಿ ‘ಶಕ್ತಿ’ ತಂಡ ಕಟ್ಟಿದರು. ಶಕ್ತಿಗಾಗಿ ಅವರು ಮಾಡಿಸಿಕೊಂಡ ಗಿಟಾರಿನಲ್ಲಿ ಮೆಟ್ಟಿಲುಗಳ ನಡುವಿನ ಮರವನ್ನು ಹಳ್ಳ ತೆಗೆಸಿದ್ದರು, ತಂತಿ ಎಳೆದು ಗಮಕ ತರಲು ಅನುಕೂಲವಾಗಲಿ ಅಂತ. ಈ ಆಲ್ಬಂನಲ್ಲಿ ಆ ಗಿಟಾರ್ ಇಲ್ಲ. ಆದರೆ ಆ ಲೆಕ್ಕಾಚಾರ ಕೈಯಲ್ಲಿ ಉಳಿದಿದೆ. ಜಾನ್ ಅವರ ಓಟಗಳಲ್ಲಿ ಐದೈದು, ಏಳೇಳು ಸ್ವರಗಳ ಗುಂಪು ನಾಲ್ಕರ ನಡೆಯ ಮೇಲೆ ಅಡ್ಡಡ್ಡ ಹರಿಯುವುದನ್ನು ಗಮನಿಸಿ. ಖಂಡ, ಮಿಶ್ರ ಅಂತ ನಿಮಗೆ ಕೂಡಲೇ ಹೊಳೆಯುತ್ತದೆ. ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕೊನ್ನಕ್ಕೋಲಿನ ಮೇಲೆ ಅವರಿಗೆ ಎಷ್ಟು ಪ್ರೀತಿ ಅಂದರೆ, 2007ರಲ್ಲಿ ಖಂಜಿರ ವಾದಕ ಸೆಲ್ವಗಣೇಶ್ ಜತೆ ಸೇರಿ ಅದನ್ನು ಕಲಿಸುವ ಡಿವಿಡಿಯನ್ನೇ ತಂದರು.

ನಾಲ್ಕನೆಯ ‘ಫ್ಯಾಂಟೇಸಿಯಾ ಸ್ವೀಟ್’ ಆಲ್ ಅವರದು. ಮೂವರೂ ಇದ್ದಾರೆ. ಇಲ್ಲಿಗೆ ಬರುವ ಹೊತ್ತಿಗೆ ಮೂರು ದನಿಗಳ ಪರಿಚಯ ಆಗಿರುತ್ತದೆ, ಎಡ, ನಡು, ಬಲ ಅಂತ ಬಿಡಿಸಿ ಕೇಳಬಹುದು. ನಿಮ್ಮ ತನಿ ಆವರ್ತನದ ಪ್ರಶ್ನೆಗೆ ಉತ್ತರವೂ ಇಲ್ಲೇ. ಒಬ್ಬರು ಒಂದು ತುಣುಕು ಎಸೆದರೆ ಇನ್ನೊಬ್ಬರು ಎತ್ತಿಕೊಳ್ಳುವ ಜಾಗಗಳು ಇವೆ, ಜನ ಕೂಗಿ ಸಿಳ್ಳೆ ಹೊಡೆಯುವುದೂ ಅಲ್ಲೇ. ಅಷ್ಟರ ಮಟ್ಟಿಗೆ ಮೃದಂಗ, ಘಟದ ಸವಾಲು ಜವಾಬು ನೆನಪಾಗುತ್ತದೆ. ಆದರೆ ತನಿಯಲ್ಲಿ ಎಲ್ಲವೂ ಒಂದು ಲೆಕ್ಕದ ಕಡೆಗೆ ಸಾಗುತ್ತದೆ, ಕೋರ್ವೆ (ಲೆಕ್ಕ ಕಟ್ಟಿದ ಮುಕ್ತಾಯ) ಹಾಕಿ ಸಮಕ್ಕೆ ಬಂದು ಕೂರಬೇಕು. ಇವರಿಗೆ ಆ ಹಂಗಿಲ್ಲ. ಇವರು ಬಂದು ಸೇರುವುದು ಮೊದಲೇ ಬರೆದಿಟ್ಟ ಒಂದು ಸಾಲಿಗೆ. ಅದನ್ನು ಮೂವರೂ ಒಟ್ಟಿಗೆ ನುಡಿಸುತ್ತಾರೆ, ಅಲ್ಲಿಂದ ಮುಂದಿನ ಭಾಗ ಶುರು. ತನಿಯ ಕಿವಿಯಿಂದ ಕೇಳಿದರೆ ತೀರ್ಮಾನ ಬರಲೇ ಇಲ್ಲ ಅನ್ನಿಸಿ ಬೇಜಾರಾಗುತ್ತದೆ.

ಇದರಿಂದಲೇ ನಿಮ್ಮ ಇನ್ನೊಂದು ಪ್ರಶ್ನೆಗೂ ಉತ್ತರ. ಇಬ್ಬರು ಮೂವರು ಒಂದೇ ಸಾಲನ್ನು ಒಟ್ಟಿಗೆ ನುಡಿಸಿದರೆ ಅದು ಕಟ್ಟಿದ್ದು. ಒಬ್ಬರು ಓಡುತ್ತಿದ್ದು ಇನ್ನೊಬ್ಬರು ಕಾರ್ಡ್ ಹೊಡೆಯುತ್ತಿದ್ದರೆ ಅದು ಬಹುಮಟ್ಟಿಗೆ ಮನೋಧರ್ಮ. ಬಹುಮಟ್ಟಿಗೆ ಅಂದೆ, ಯಾಕೆಂದರೆ ಕೈಗೆ ರೂಢಿಯಾದ ಓಟಗಳು ಎಲ್ಲರ ಹತ್ತಿರವೂ ಇರುತ್ತವೆ, ನಮ್ಮ ಕಲ್ಪನಾಸ್ವರದಲ್ಲೂ ಇರುತ್ತವೆ.

ಒಂದು ವಿಷಯದಲ್ಲಿ ಮಾತ್ರ ನಿಮ್ಮ ಕಿವಿಯನ್ನು ಸ್ವಲ್ಪ ಬದಲಿಸಿಕೊಳ್ಳಬೇಕು. ನೀವು ಷಡ್ಜ ಕದಲದ ಸಂಗೀತದಲ್ಲಿ ಬೆಳೆದವರು. ಒಂದು ಸ್ವರದ ರುಚಿ ಷಡ್ಜದಿಂದ ಅದು ಎಷ್ಟು ದೂರ ಅನ್ನುವುದರಲ್ಲಿದೆ, ಗಮಕದಲ್ಲಿದೆ. ಇಲ್ಲಿ ಕೆಳಗಿನ ಕಾರ್ಡ್ ಬದಲಾಗುತ್ತಲೇ ಇರುತ್ತದೆ. ಮೇಲೆ ಒಂದೇ ಸ್ವರ ಹಿಡಿದಿದ್ದರೂ ಕೆಳಗೆ ಕಾರ್ಡ್ ಬದಲಾದ ಕೂಡಲೇ ಅದರ ಬಣ್ಣ ಬದಲಾಗುತ್ತದೆ. ಸ್ವರ ಅಲ್ಲಾಡುವುದಿಲ್ಲ, ಅದರ ಕೆಳಗಿನ ನೆಲ ಅಲ್ಲಾಡುತ್ತದೆ. ಬರೀ ಸೋಲೋ ಕೇಳಿದರೆ ಗಮಕವಿಲ್ಲದ ಸಪಾಟು ಸ್ವರಗಳ ಮಳೆ ಅನ್ನಿಸುವುದು ಅದಕ್ಕೇ. ಜತೆಗಾರರನ್ನು ಕೇಳಿ ಅಂತ ಹೇಳಿದ್ದಕ್ಕೆ ಇದು ಎರಡನೇ ಕಾರಣ. ಫ್ಲಮೆಂಕೊ ಭಾಗಗಳಲ್ಲಿ ತೋಡಿಯೋ ವಕುಳಾಭರಣವೋ ಸುಳಿದಂತೆ ಆಗಬಹುದು. ಸ್ವರಗಳ ಲೆಕ್ಕದಲ್ಲಿ ಅದು ಸುಳ್ಳೇನಲ್ಲ, ಫ್ಲಮೆಂಕೊದವರು ಎರಡು ಗಾಂಧಾರಗಳನ್ನೂ ಬೆರೆಸುತ್ತಾರೆ. ಆದರೆ ಗಮಕ ಇಲ್ಲದ ತೋಡಿ ತೋಡಿ ಅಲ್ಲ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ರಾಗ ಹುಡುಕುವುದು ಬೇಡ.

ಹಾಗಾದರೆ ಸ್ಪೀಡು ಜಾಸ್ತಿ ಆಗಿಲ್ವಾ? ಆಗಿದೆ. ಈ ಆಲ್ಬಂ ಬಂದಾಗಿನಿಂದ ಈ ಆಕ್ಷೇಪ ಇದೆ, ಅದರಲ್ಲಿ ಸತ್ಯವೂ ಇದೆ. ಮುಖ್ಯವಾಗಿ ‘ಫ್ಯಾಂಟೇಸಿಯಾ ಸ್ವೀಟ್’ನಲ್ಲಿ ಜನರ ಕೂಗು ನುಡಿಸುವವರ ತಲೆಗೇರಿದೆ. ಪ್ರತಿ ಓಟಕ್ಕೂ ಸಿಳ್ಳೆ ಬಿದ್ದರೆ ಯಾರಿಗೇ ಆದರೂ ಇನ್ನೊಂದು ಓಟ ಓಡೋಣ ಅನ್ನಿಸುತ್ತದೆ. ಆಲ್ ಆ ವೇಗದಲ್ಲೂ ಪ್ರತಿ ಸ್ವರವನ್ನೂ ಬಿಡಿಬಿಡಿಯಾಗಿ ಪಿಕ್‌ನಿಂದ ಹೊಡೆಯುತ್ತಾರೆ, ಒಂದನ್ನೂ ಜಾರಿಸುವುದಿಲ್ಲ. ಶ್ರಮದ ದೃಷ್ಟಿಯಿಂದ ಅದ್ಭುತ. ಕಿವಿಗೆ ಮಾತ್ರ ಕೆಲವೊಮ್ಮೆ ಟೈಪ್‌ರೈಟರ್. ಆದರೆ ಆ ಜನರ ಸದ್ದು ಇಲ್ಲದಿದ್ದರೆ ಈ ರೆಕಾರ್ಡ್ ಇಷ್ಟು ಹೆಸರು ಮಾಡುತ್ತಿರಲಿಲ್ಲ. ಅವರೇ 1983ರಲ್ಲಿ ಸ್ಟುಡಿಯೋದಲ್ಲಿ ಕೂತು ಮಾಡಿದ ‘ಪ್ಯಾಶನ್, ಗ್ರೇಸ್ ಅಂಡ್ ಫೈರ್’ ಕೇಳಿದರೆ ಗೊತ್ತಾಗುತ್ತದೆ. ಎಲ್ಲ ಸರಿಯಾಗಿದೆ, ರಂಗೇರುವುದಿಲ್ಲ.

ಕೊನೆಯ ‘ಗಾರ್ಡಿಯನ್ ಏಂಜಲ್’ ಜಾನ್ ರಚನೆ. ಅದು ಆ ರಾತ್ರಿಯದಲ್ಲ, ಸ್ಟುಡಿಯೋದಲ್ಲಿ ಮಾಡಿ ಸೇರಿಸಿದ್ದು. ಇದ್ದಕ್ಕಿದ್ದಂತೆ ಜನರ ಸದ್ದು ನಿಂತು ಕೋಣೆ ಚಿಕ್ಕದಾದ ಹಾಗೆ ಅನ್ನಿಸುತ್ತದೆ. ಚೆನ್ನಾಗೇ ಇದೆ, ಆದರೆ ಬಿಟ್ಟರೂ ನಷ್ಟವಿಲ್ಲ.

ಕೇಳುವ ಕ್ರಮ ಹೀಗಿರಲಿ. ಮೊದಲು ‘ಫ್ರೇವೋ’ ಬಿಟ್ಟು ಮೊದಲ ರಚನೆ ಮಾತ್ರ, ಜತೆಗಾರರ ಕಿವಿಯಲ್ಲಿ ಕೂತು. ಅದೇ ರಚನೆ ಇನ್ನೊಂದು ದಿನ, ಈ ಸಲ ಸೋಲೋ ಕಡೆ. ಆಮೇಲೆ ‘ಫ್ರೇವೋ’. ಅದು ಹಿಡಿಸಿದ ಮೇಲೆ ಉಳಿದದ್ದು. ಇಡೀ ಆಲ್ಬಂ ಸುಮಾರು 40 ನಿಮಿಷ, ಒಂದೇ ಸಲಕ್ಕೆ ಮುಗಿಸಬೇಕು ಅಂತೇನಿಲ್ಲ. ಎಲ್‌ಪಿ ಬೇಕಾ ಅಂತ ಕೇಳಬೇಡಿ. ಎಡಬಲ ಬೇರೆಯಾಗಿ ಕೇಳಿಸುವ ಯಾವುದಾದರೂ ಸಾಕು. ಪರಿಚಯ ಆದ ಮೇಲೆ ಹೆಡ್‌ಫೋನ್ ತೆಗೆದು ಎರಡು ಸ್ಪೀಕರ್‌ನಲ್ಲಿ ಕೇಳಿ, ಸಭಾಂಗಣದ ಅಗಲ ತಿಳಿಯುತ್ತದೆ.

ಇಷ್ಟ ಆದರೆ ಮುಂದೆ? ಮಾರನೇ ದಿನದ ಕಛೇರಿಯ ಟೇಪುಗಳೂ ಉಳಿದಿದ್ದವು, ‘ಸ್ಯಾಟರ್ಡೇ ನೈಟ್ ಇನ್ ಸ್ಯಾನ್ ಫ್ರಾನ್ಸಿಸ್ಕೊ’ ಅಂತ 2022ರಲ್ಲಿ ಬಂತು. ಅದರಲ್ಲಿ ಒಬ್ಬೊಬ್ಬರೇ ನುಡಿಸಿದ ಭಾಗಗಳೂ ಇವೆ, ಮೂವರ ಸ್ವಭಾವ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಪಾಕೋ 2014ರಲ್ಲಿ ತೀರಿಕೊಂಡರು. ಅವರ 1987ರ ‘ಸಿರೋಕೊ’ ಫ್ಲಮೆಂಕೊ ಗಿಟಾರಿನ ಉತ್ತುಂಗ ಅಂತ ನನ್ನ ಅಭಿಪ್ರಾಯ. ಜಾನ್ ಇಷ್ಟವಾದರೆ ಶಕ್ತಿಯ ‘ಎ ಹ್ಯಾಂಡ್‌ಫುಲ್ ಆಫ್ ಬ್ಯೂಟಿ’ ಕೇಳಿ, ಅಲ್ಲಿ ನಿಮಗೆ ಬೇಕಾದ ಗಮಕವೂ ಸಿಗುತ್ತದೆ, ಕೋರ್ವೆಯೂ ಸಿಗುತ್ತದೆ. ಜಾಝ್‌ನವರು ನಮ್ಮ ತಾಳದ ಒಳಗೆ ಬಂದು ಕೂತರೆ ಹೇಗಿರುತ್ತದೆ ಅಂತ ಕುತೂಹಲ ಇದ್ದರೆ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜತೆ ಮಾಡಿದ ‘ಜ್ಯೋತಿ’ ಇದೆ, 1983ರದ್ದು. ಟಿ.ಎ.ಎಸ್. ಮಣಿ ಅವರ ಮೃದಂಗ, ಆರ್.ಎ. ರಮಾಮಣಿ ಅವರ ಹಾಡುಗಾರಿಕೆ. ಅದಕ್ಕೆ ಹೆಡ್‌ಫೋನ್ ಬೇಕಾಗಿಲ್ಲ, ಯಾರು ಯಾರು ಅಂತ ಮೊದಲ ಸಲಕ್ಕೇ ಗೊತ್ತಾಗುತ್ತದೆ.